ಗಿರಾಕಿ ಬದಲಾದಾಗ ಅಂಗಡಿ ಹೇಗೆ ಬದಲಾಗಬೇಕು? ಮುಂಬಯಿಯ ಸಣ್ಣ ವ್ಯಾಪಾರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯ ಯಾವುದಾದರೂ ಹಳೇ ಉಡುಪಿ ಹೋಟೆಲಿನ ಮೆನು ಕಾರ್ಡ್ ಬಿಡಿಸಿ ನೋಡಿ. ಮೊದಲ ಪುಟದಲ್ಲಿ ಇಡ್ಲಿ, ವಡೆ, ದೋಸೆ. ಅದರ ಬೆನ್ನಿಗೆ ಪಾವ್ ಭಾಜಿ. ಆಮೇಲೆ ಪನೀರ್ ಬಟರ್ ಮಸಾಲಾ, ಹಕ್ಕಾ ನೂಡಲ್ಸ್, ಕೊನೆಯಲ್ಲಿ ಚೀಸ್ ಸ್ಯಾಂಡ್‌ವಿಚ್. ಇದನ್ನು ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ಗಿರಾಕಿ ಕೇಳಿದ, ಧನಿ ಸೇರಿಸಿದರು. ಹೀಗೆ ಸೇರುತ್ತಾ ಸೇರುತ್ತಾ ಕಾರ್ಡ್ ದಪ್ಪವಾಯಿತು.

ಮುಂಬಯಿಯ ನಮ್ಮ ಕನ್ನಡ ವ್ಯಾಪಾರಿಗಳಿಗೆ ಬದಲಾವಣೆ ಹೊಸದೇನಲ್ಲ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಪಾಳಿ ಮುಗಿಸಿ ಬರುವ ಕಾರ್ಮಿಕರನ್ನೇ ನಂಬಿದ್ದ ಪರೇಲ್, ಲಾಲ್‌ಬಾಗ್ ಕಡೆಯ ಚಹಾ-ತಿಂಡಿ ಅಂಗಡಿಗಳ ಬೆಳಗಿನ ವ್ಯಾಪಾರವೇ ಹೋಯಿತು. ವರ್ಷಗಳ ಮೇಲೆ ಅದೇ ಜಾಗದಲ್ಲಿ ಆಫೀಸು, ಮಾಲ್ ಎದ್ದವು. ಈಗ ಅಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡ ಹುಡುಗ ಹುಡುಗಿಯರು ಸಾಲು ನಿಲ್ಲುತ್ತಾರೆ. ಜಾಗ ಅದೇ, ಹಸಿವೂ ಅದೇ. ಆದರೆ ಹೊತ್ತು, ತಟ್ಟೆ, ರೇಟು ಎಲ್ಲ ಬೇರೆ.

ಮಾಟುಂಗಾ, ಸಾಯನ್, ಮುಲುಂಡ್ ಕಡೆಯ ಸಣ್ಣ ಹೋಟೆಲು, ಮಂಗಳೂರು ಸ್ಟೋರ್ಸ್ (ಕರಾವಳಿಯ ತರಕಾರಿ, ದಿನಸಿ ಮಾರುವ ಅಂಗಡಿ), ಟೈಲರ್ ಅಂಗಡಿಗಳ ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಬಿಲ್ಲುಗಳನ್ನು ನೋಡುತ್ತಾ ಕೂತವನಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಏನೂ ಬದಲಿಸದೆ ಮುಚ್ಚಿದ ಅಂಗಡಿಗಳಿಗಿಂತ, ಕಂಡದ್ದನ್ನೆಲ್ಲ ಸೇರಿಸಿ ಸುಸ್ತಾದ ಅಂಗಡಿಗಳೇ ಜಾಸ್ತಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಏನು ಸೇರಿಸಬೇಕು ಅನ್ನುವಷ್ಟೇ ಏನು ಬಿಡಬೇಕು ಅನ್ನುವುದೂ ಇದೆ.

ಹೆಜ್ಜೆ 1: ಯಾರು ಬರುವುದು ನಿಲ್ಲಿಸಿದರು, ಯಾಕೆ?

"ವ್ಯಾಪಾರ ಡಲ್ ಉಂಟು ಮಾರಾಯ್ರೆ" ಎಂದರೆ ಏನೂ ಗೊತ್ತಾಗುವುದಿಲ್ಲ. ಯಾವ ಹೊತ್ತಿನ ವ್ಯಾಪಾರ? ಯಾವ ಗಿರಾಕಿಯದು?

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಗಲ್ಲಾದ ಮೇಲಿರುವ ಕ್ಯೂಆರ್ ಕೋಡ್ ಸಾಕು. 2016ರಲ್ಲಿ ಯುಪಿಐ ಬಂದ ಮೇಲೆ ಪ್ರತಿ ವಹಿವಾಟಿಗೂ ಗಂಟೆ-ನಿಮಿಷದ ಗುರುತು ಉಳಿಯುತ್ತಿದೆ. ನೀವು ಬಳಸುವ ಆ್ಯಪಿನ ವ್ಯಾಪಾರಿ ಖಾತೆಯಿಂದ ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಮನೆಯಲ್ಲಿ ಎಕ್ಸೆಲ್ ಬಲ್ಲ ಮಗಳೋ ಅಳಿಯನೋ ಇದ್ದರೆ ಗಂಟೆವಾರು ವಿಂಗಡಿಸಿಕೊಡಲು ಹೇಳಿ. ಮೂರು ವಿಷಯ ನೋಡಿ: ಯಾವ ಗಂಟೆಯಲ್ಲಿ ಬಿಲ್ಲುಗಳ ಸಂಖ್ಯೆ ಇಳಿದಿದೆ, ಒಂದು ಬಿಲ್ಲಿನ ಸರಾಸರಿ ಮೊತ್ತ ಏರಿದೆಯೋ ಇಳಿದಿದೆಯೋ, ಮತ್ತೆ ಮತ್ತೆ ಬರುವ ಹೆಸರುಗಳಲ್ಲಿ ಯಾವುದು ಕಾಣೆಯಾಗಿದೆ.

ಹೋಲಿಕೆ ಯಾವಾಗಲೂ ಹೋದ ವರ್ಷದ ಅದೇ ತಿಂಗಳ ಜೊತೆ ಇರಲಿ. ಆಗಸ್ಟನ್ನು ಜುಲೈ ಜೊತೆ ತೂಗಿದರೆ ಶ್ರಾವಣ, ಗಣಪತಿ ಎಲ್ಲ ಅಡ್ಡ ಬಂದು ಲೆಕ್ಕ ಕೆಡುತ್ತದೆ. ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುವುದನ್ನೂ ಗಮನದಲ್ಲಿಡಿ.

ಇಳಿದ ಜಾಗ ಸಿಕ್ಕಿದ ಮೇಲೆ ಕಾರಣ ಹುಡುಕಿ. ಮೊದಲು ನಿಮ್ಮದೇ ಸಾಂಬಾರ್ ರುಚಿ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ರುಚಿ ಕೆಟ್ಟಿದ್ದರೆ, ಮೇಜು ಅಂಟಂಟಾಗಿದ್ದರೆ, ಅದು "ಗಿರಾಕಿ ಬದಲಾದರು" ಅನ್ನುವ ಸಮಸ್ಯೆಯೇ ಅಲ್ಲ. ಅದು ಸರಿ ಇದ್ದರೆ ಮುಂದಕ್ಕೆ ಹೋಗಿ.

ಮುಂಬಯಿಯಲ್ಲಿ ಗಿರಾಕಿ ಕಾಣೆಯಾಗುವುದಕ್ಕೆ ದೊಡ್ಡ ಕಾರಣ ರೀಡೆವಲಪ್‌ಮೆಂಟ್. ಎದುರಿನ ಮೂರು ಮಹಡಿಯ ಹಳೇ ಕಟ್ಟಡ ಖಾಲಿಯಾಗುತ್ತದೆ. ಅಲ್ಲಿದ್ದ ಮನೆಗಳು ಬಾಡಿಗೆಗೆಂದು ಠಾಣೆ, ಡೊಂಬಿವಲಿ ಕಡೆ ಚದುರುತ್ತವೆ. ಮುಂದೆ ಕೆಲವು ವರ್ಷ ತಗಡಿನ ಬೇಲಿ, ಧೂಳು. ಆಮೇಲೆ ಗೋಪುರ ಎದ್ದು, ಹಳಬರ ಜೊತೆ ಹೊಸಬರೂ ಬರುತ್ತಾರೆ. ಈ ಮೂರು ಹಂತಕ್ಕೂ ಗಿರಾಕಿ ಬೇರೆ ಬೇರೆ. ಕಟ್ಟಡ ಖಾಲಿಯಾಗುವ ಮೊದಲೇ ಆ ಮನೆಗಳ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ದೂರ ಹೋದರೂ ಚೌತಿಗೆ ಮೋದಕಕ್ಕೋ, ಅಷ್ಟಮಿಗೆ ಕೊಟ್ಟೆ ಕಡುಬಿಗೋ ಅವರು ನಿಮ್ಮನ್ನೇ ನೆನೆಸುತ್ತಾರೆ. ಕಟ್ಟಡದ ಕೆಲಸ ನಡೆಯುವಾಗ ಅಲ್ಲಿನ ಕೂಲಿಗಳಿಗೆ ಬೆಳಿಗ್ಗೆ ಏಳಕ್ಕೇ ಹೊಟ್ಟೆ ತುಂಬುವ ತಿಂಡಿ ಬೇಕು, ರೇಟು ಕೈಗೆಟುಕಬೇಕು, ಚಟ್ನಿ ಜಾಸ್ತಿ ಬೇಕು. ಗೋಪುರ ಎದ್ದ ಮೇಲೆ ಗಿರಾಕಿ ಕೆಳಗೆ ಇಳಿಯುವುದೇ ಕಡಿಮೆ. ಗೇಟಿನ ವಾಚ್‌ಮನ್ ಜೊತೆ ಸ್ನೇಹ ಇಟ್ಟುಕೊಂಡ ಪಾರ್ಸೆಲ್ ಹುಡುಗನಿಂದಲೇ ವ್ಯಾಪಾರ.

ಎರಡನೇ ಕಾರಣ ದಾರಿ. ಮೆಟ್ರೋ 2ಎ ಮತ್ತು 7ನೇ ಮಾರ್ಗ 2023ರ ಜನವರಿಯಲ್ಲಿ ಪೂರ್ತಿ ಶುರುವಾದವು. ಭೂಗತ 3ನೇ ಮಾರ್ಗ 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಿಕೆಸಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ತನಕ ಬಂದು, ಒಂದು ವರ್ಷದಲ್ಲಿ ಕಫ್ ಪರೇಡ್ ಮುಟ್ಟಿತು. ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿದ್ದ ಅಂಗಡಿಯ ಮುಂದೆ ಹಾದುಹೋಗುತ್ತಿದ್ದವರು ಈಗ ಬೇರೆ ಗೇಟಿನಿಂದ ಹೊರಬರುತ್ತಿರಬಹುದು. ಸಂಜೆ ಹೊತ್ತು ಸುಮ್ನೆ ಒಮ್ಮೆ ಹೋಗಿ ನಿಂತು ನೋಡಿ. ಎದುರು ಫುಟ್‌ಪಾತಿನಲ್ಲಿ ಹೋಗುವವರಿಗೆ ನಿಮ್ಮ ಬೋರ್ಡ್ ಕಾಣುತ್ತದೆಯೇ? ಕಾಣದಿದ್ದರೆ ಅಡ್ಡ ಬೋರ್ಡಿನ ಖರ್ಚಿನಲ್ಲೇ ಅರ್ಧ ಸಮಸ್ಯೆ ಮುಗಿಯಬಹುದು.

ಮೂರನೆಯದು ಮನೆಗೆ ಸಾಮಾನು ತಲುಪಿಸುವ ಹತ್ತು ನಿಮಿಷದ ಆ್ಯಪ್‌ಗಳು. ನಾಲ್ಕನೆಯದು ಆರೋಗ್ಯ: ಶುಗರ್, ಜಿಮ್, ಎಣ್ಣೆ ಕಡಿಮೆ, ಪ್ರೊಟೀನ್ ಜಾಸ್ತಿ. ಇವೆರಡಕ್ಕೆ ಮುಂದೆ ಬರುತ್ತೇನೆ.

ಹೆಜ್ಜೆ 2: 'ಇಲ್ಲ' ಪುಸ್ತಕ ಇಡಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ.

ನಿಮ್ಮ ಬಿಲ್ಲು ಏನು ಮಾರಾಟವಾಯಿತು ಎಂದಷ್ಟೇ ಹೇಳುತ್ತದೆ. ಏನು ಕೇಳಿ ಸಿಗದೆ ಹೋದರು ಅನ್ನುವುದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಅದು ಮೇಜಿಗೆ ತಿಂಡಿ ತಂದುಕೊಡುವ ಸಪ್ಲೈಯರ್ ಹುಡುಗನ "ನಹೀ ಹೈ" ಜೊತೆ ಗಾಳಿಗೆ ಹೋಗಿಬಿಡುತ್ತದೆ. ಅದನ್ನು ಹಿಡಿಯಬೇಕು.

ನೂರು ಪುಟದ ಒಂದು ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು, ಗಲ್ಲಾದ ಪಕ್ಕ. ನಾಲ್ಕು ಕಾಲಂ ಎಳೆಯಿರಿ: ತಾರೀಕು, ಹೊತ್ತು, ಕೇಳಿದ್ದೇನು, ಇಲ್ಲ ಅಂದ ಮೇಲೆ ಏನು ಮಾಡಿದರು. ಕೊನೆಯ ಕಾಲಂ ಬಹಳ ಮುಖ್ಯ. "ಬೇರೆ ತಗೊಂಡ್ರು" ಮತ್ತು "ಎದ್ದು ಹೋದ್ರು" ಎರಡೂ ಒಂದೇ ಅಲ್ಲ. ಬರೆಯಲು ಬಾರದ ಹುಡುಗ ಗಲ್ಲಾದವರ ಹತ್ತಿರ ಬಂದು ಬಾಯಲ್ಲಿ ಹೇಳಿದರೂ ಆಯಿತು. "ಇದು ಯಾಕೆ ಇಲ್ಲ ಅಂದೆ?" ಎಂದು ಒಂದು ಸಲ ಬೈದರೆ ಮರುದಿನದಿಂದ ಪುಸ್ತಕ ಖಾಲಿ. ಬೈಯಬೇಡಿ.

ನಾಲ್ಕು ವಾರ ಬಿಟ್ಟು ಎಣಿಸಿ. ಒಬ್ಬನೇ ಹತ್ತು ಸಲ ಕೇಳಿದ್ದಕ್ಕೆ ಬೆಲೆ ಕಡಿಮೆ. ಹತ್ತು ಜನ ಒಂದೊಂದು ಸಲ ಕೇಳಿದ್ದಕ್ಕೆ ಜಾಸ್ತಿ. ಅದರಲ್ಲೂ ಎದ್ದು ಹೋದವರ ಸಾಲನ್ನು ಮೊದಲು ನೋಡಿ.

ಪುಸ್ತಕದಲ್ಲಿ ಹೊಸ ಸಾಮಾನು ಕಾಣುತ್ತದೆ ಎಂದು ನೀವು ಅಂದುಕೊಂಡಿರುತ್ತೀರಿ. ಎಷ್ಟೋ ಸಲ ಕಾಣುವುದು ಹಳೇ ಸಾಮಾನಿನ ಹೊಸ ಅಳತೆ. ಒಂದು ಮಂಗಳೂರು ಸ್ಟೋರ್ಸಿನ ಪುಸ್ತಕದಲ್ಲಿ ಹೀಗೆಯೇ ಆಗಿತ್ತು. ಪುಟ ತಿರುಗಿಸಿದರೆ ಅಲ್ಲಲ್ಲಿ ಒಂದೇ ಮಾತು: "ಸೌತೆ ಅರ್ಧ ಕೊಡ್ತೀರಾ?" ಮಂಗಳೂರು ಸೌತೆ ಒಂದೊಂದು ಕಿಲೋದ ಮೇಲೆ ತೂಗುತ್ತದೆ. ಊರಿನ ಕೂಡು ಕುಟುಂಬಕ್ಕೆ ಅದು ಸರಿ. ಇಲ್ಲಿನ ಗಂಡ-ಹೆಂಡತಿ ಇಬ್ಬರೇ ಇರುವ ಒಂದು ಬೆಡ್‌ರೂಮಿನ ಮನೆಯಲ್ಲಿ ಒಂದು ಇಡೀ ಸೌತೆ ಅಂದರೆ ಮೂರು ದಿನ ಅದೇ ಕೊದ್ದೆಲ್ (ಸೌತೆಯ ಹುಳಿ). ಹಾಗಾಗಿ ಅವರು ನೋಡಿ, ಮುಟ್ಟಿ, ಅಲ್ಲೇ ಇಟ್ಟು ಹೋಗುತ್ತಿದ್ದರು. ಅಂಗಡಿಯವರು ಮಾಡಿದ್ದಿಷ್ಟೇ: ಬೆಳಿಗ್ಗೆ ಎರಡು ಸೌತೆ ಸೀಳಿ, ಬೀಜದ ತಿರುಳು ತೆಗೆಯದೆ, ಹಾಳೆ ಸುತ್ತಿ ಫ್ರಿಜ್ಜಿನ ಮುಂಬಾಗಿಲಿಗೆ ಇಟ್ಟರು. ಕಿಲೋಗೆ ಸ್ವಲ್ಪ ರೇಟು ಜಾಸ್ತಿ. ಯಾರೂ ತಕರಾರು ಮಾಡಲಿಲ್ಲ. ಆಮೇಲೆ ಕೋರಿ ರೊಟ್ಟಿಯ ಸಣ್ಣ ಪೊಟ್ಟಣ, ಕಾಲು ಕಿಲೋ ಕುಚ್ಚಲಕ್ಕಿ, ನಾಲ್ಕೇ ಕೆಸುವಿನ ಎಲೆಯ ಕಟ್ಟು. ಹೊಸ ಸಾಮಾನು ಒಂದೂ ಬರಲಿಲ್ಲ.

ಹತ್ತು ನಿಮಿಷದ ಆ್ಯಪ್‌ಗೆ ಉತ್ತರವೂ ಇಲ್ಲೇ ಇದೆ. ದೋಸೆ ಹಿಟ್ಟು, ತೆಂಗಿನಕಾಯಿ, ಗರಿಗರಿ ಹಪ್ಪಳ ಅವರೂ ತಲುಪಿಸುತ್ತಾರೆ, ಬೇಗವೂ ತಲುಪಿಸುತ್ತಾರೆ. ಅಲ್ಲಿ ಪೈಪೋಟಿಗೆ ಇಳಿಯಬೇಡಿ. ಬಸಳೆ ದಂಟು ಎಳೆಯದೋ ಬಲಿತದ್ದೋ ಮುರಿದು ತೋರಿಸುವುದು, "ಇವತ್ತಿನ ಕೆಸು ತುರಿಸುತ್ತೆ, ಹುಣಸೆ ಜಾಸ್ತಿ ಹಾಕಿ" ಎನ್ನುವುದು, ಶುಕ್ರವಾರಕ್ಕೆ ಮಲ್ಲಿಗೆ ತೆಗೆದಿಡುವುದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಹೆಜ್ಜೆ 3: ಕೇಳುವ ರೀತಿ

"ತಿಂಡಿ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಅಂತಾರೆ. ಅದು ಮರ್ಯಾದೆಯ ಮಾತು. "ಹೊಸದೇನು ಬೇಕು?" ಅಂದರೆ ಬಾಯಿಗೆ ಬಂದದ್ದು ಹೇಳುತ್ತಾರೆ, ಮಾಡಿಟ್ಟರೆ ತಿನ್ನುವುದಿಲ್ಲ. ನಡೆದದ್ದನ್ನು ಕೇಳಿ. "ನಿನ್ನೆ ರಾತ್ರಿ ಊಟ ಎಲ್ಲಿಂದ ತರಿಸಿದ್ರಿ?", "ಈ ವಾರ ಎರಡು ದಿನ ಕಾಣಲಿಲ್ವಲ್ಲ, ಆಫೀಸಿಗೆ ಹೋಗಿರಲಿಲ್ವಾ?" ಇಂಥ ಪ್ರಶ್ನೆಗೆ ಸುಳ್ಳು ಹೇಳುವ ಅಗತ್ಯ ಯಾರಿಗೂ ಇರುವುದಿಲ್ಲ. ಗುಜರಾತಿ ಅಜ್ಜಿಯ ಹತ್ತಿರ ಗುಜರಾತಿಯಲ್ಲಿ, ಮರಾಠಿಯವರ ಹತ್ತಿರ ಮರಾಠಿಯಲ್ಲಿ ಕೇಳಿ. ಗಲ್ಲಾದಲ್ಲಿ ಕೂತು ನಾಲ್ಕೈದು ಭಾಷೆ ಕಲಿತವರು ನಾವು, ಅದನ್ನು ಚಿಲ್ಲರೆ ಕೊಡುವುದಕ್ಕಷ್ಟೇ ಯಾಕೆ ಬಳಸಬೇಕು?

ಹೆಜ್ಜೆ 4: ಸಣ್ಣದಾಗಿ ಮಾಡಿ ನೋಡಿ

ಪುಸ್ತಕದಿಂದ ಒಂದೇ ಒಂದು ಐಟಂ ಆರಿಸಿ. ಎರಡಲ್ಲ. ಮೆನು ಕಾರ್ಡ್ ಹೊಸದಾಗಿ ಅಚ್ಚು ಹಾಕಿಸಬೇಡಿ. ಬಾಗಿಲ ಪಕ್ಕ ಕರಿಹಲಗೆ ಸಾಕು.

ರಾಗಿ ದೋಸೆ ಎಂದಿಟ್ಟುಕೊಳ್ಳಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲೆ ಇದನ್ನು ಕೇಳುವವರು ಹೆಚ್ಚಿದ್ದಾರೆ. ವಾರದಲ್ಲಿ ಎರಡು ದಿನ ಮಾತ್ರ, ಬೆಳಿಗ್ಗೆ ಎಂಟರಿಂದ ಹನ್ನೊಂದು. ಎರಡು ಕಿಲೋ ಹಿಟ್ಟು, ಮುಗಿದರೆ ಮುಗಿಯಿತು. ಆರು ವಾರ ಹೀಗೆ ಮಾಡಿ. ಹಿಟ್ಟು ಎಷ್ಟು ಗಂಟೆಗೆ ಖಾಲಿಯಾಯಿತು ಎಂದು ದಿನವೂ ಬರೆಯಿರಿ. ಹನ್ನೊಂದಕ್ಕೂ ಅರ್ಧ ಉಳಿಯುತ್ತಿದ್ದರೆ ಉತ್ತರ ಸಿಕ್ಕಿತು. ಒಂಬತ್ತೂವರೆಗೇ ಮುಗಿದರೆ ಮೂರನೇ ದಿನ ಸೇರಿಸಿ. ಇನ್ನೊಂದು ಲೆಕ್ಕವೂ ಬೇಕು: ರಾಗಿ ದೋಸೆ ತಿಂದವರು ಹೊಸಬರೋ, ಅಥವಾ ಮಸಾಲೆ ದೋಸೆ ಬಿಟ್ಟು ಇದಕ್ಕೆ ಬಂದವರೋ? ಎರಡನೆಯದಾದರೆ ಗಲ್ಲಾ ಹೆಚ್ಚಿಲ್ಲ, ಅಡುಗೆ ಭಟ್ಟರ ಕೆಲಸ ಮಾತ್ರ ಹೆಚ್ಚಿದೆ.

ಜೈನ್ ತಿಂಡಿಯ ವಿಷಯ ಸ್ವಲ್ಪ ಬೇರೆ. ಘಾಟ್‌ಕೋಪರ್, ಮುಲುಂಡ್, ಬೋರಿವಲಿಯಲ್ಲಿ ಇದಿಲ್ಲದೆ ವ್ಯಾಪಾರ ಕಷ್ಟ. ಆದರೆ ಅರ್ಧಂಬರ್ಧ ಮಾಡುವುದಕ್ಕಿಂತ ಮಾಡದಿರುವುದೇ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಮುಗಿಯಲಿಲ್ಲ. ಆಲೂಗಡ್ಡೆ, ಕ್ಯಾರೆಟ್ ಹೀಗೆ ನೆಲದಡಿ ಬೆಳೆಯುವ ಗೆಡ್ಡೆ, ಬೇರಿನ ತರಕಾರಿಯೆಲ್ಲ ಬಿಡಬೇಕು. ಮಸಾಲೆ ದೋಸೆಯ ಪಲ್ಯಕ್ಕೆ ಬಾಳೆಕಾಯಿ ಹಾಕುತ್ತಾರೆ, ನಮ್ಮವರ ಕೈಗೆ ಅದು ಸಲೀಸು. ಸಾಂಬಾರ್ ಬೇರೆ, ಸೌಟು ಬೇರೆ, ಕಾವಲಿ ಬೇರೆ. ಅಡುಗೆಮನೆಯ ಕಿಂಡಿಯಲ್ಲಿ ಒಂದೇ ಸೌಟು ಎರಡು ಪಾತ್ರೆಗೆ ಹೋಗುವುದು ಒಬ್ಬರ ಕಣ್ಣಿಗೆ ಬಿದ್ದರೂ ಸಾಕು, ಸಂಜೆಯೊಳಗೆ ಇಡೀ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಗೊತ್ತಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಜೈನರು ಬಹಳ ಮಂದಿ. ಅವರಿಗೆ ಸಂಜೆ ಐದರಿಂದ ಆರೂವರೆ ದೊಡ್ಡ ಹೊತ್ತು. ಆಗ ನಿಮ್ಮ ಕಾವಲಿ ತಣ್ಣಗಿರುತ್ತದೆ, ಭಟ್ಟರು ಮಲಗಿರುತ್ತಾರೆ. ಐಟಂ ಸೇರಿಸುವ ಮೊದಲು ಭಟ್ಟರ ವಿಶ್ರಾಂತಿಯ ಹೊತ್ತನ್ನು ಬದಲಿಸಲು ಆಗುತ್ತದೆಯೇ ನೋಡಿ.

ಟೈಲರ್ ಅಂಗಡಿಗೂ ಇದೇ ರೀತಿ. ಶರ್ಟ್ ಹೊಲಿಸುವವರು ಕಡಿಮೆಯಾದರು. ಆದರೆ ಆನ್‌ಲೈನ್ ತರಿಸಿದ ಪ್ಯಾಂಟ್ ಉದ್ದ, ಕುರ್ತಾ ಭುಜ ಅಗಲ. ಬೋರ್ಡಿನಲ್ಲಿ "ಆಲ್ಟರೇಶನ್, ಅರ್ಧ ಗಂಟೆಯಲ್ಲಿ" ಎಂದು ಬರೆದು, ಸಂಜೆ ಆರರಿಂದ ಒಂಬತ್ತು ಒಂದು ಮಿಷಿನ್ ಅದಕ್ಕೇ ಬಿಟ್ಟು ನೋಡಿ.

ಹೆಜ್ಜೆ 5: ಪಾರ್ಸೆಲ್ ಲೆಕ್ಕ, ಪೈಸೆ ಪೈಸೆ

ಡೆಲಿವರಿ ಆ್ಯಪ್ ಸೇರಬೇಕೋ ಬೇಡವೋ ಎಂದು ಎಲ್ಲರೂ ಕೇಳುತ್ತಾರೆ. ಸೇರಿ, ಆದರೆ ಎಲ್ಲ ಐಟಂ ಸೇರಿಸಬೇಡಿ. ಯಾಕೆಂದು ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ನಿಮ್ಮ ಅಂಕಿ ಹಾಕಿಕೊಂಡು ನೀವೇ ಮತ್ತೆ ಮಾಡಿ.

ಐಟಂ ಬೆಲೆ 160 ರೂಪಾಯಿ. ದಿನಸಿ, ಗ್ಯಾಸ್ ಸೇರಿ 48. ಆ್ಯಪ್ ಕಮಿಷನ್ ನೂರಕ್ಕೆ 22 ಎಂದಿಟ್ಟುಕೊಂಡರೆ 35 ರೂಪಾಯಿ 20 ಪೈಸೆ. ಆ ಕಮಿಷನ್ ಮೇಲೆ ನೂರಕ್ಕೆ 18 ಜಿಎಸ್‌ಟಿ, ಅಂದರೆ ಇನ್ನೊಂದು 6 ರೂಪಾಯಿ 34 ಪೈಸೆ. ನೂರಕ್ಕೆ 5 ಜಿಎಸ್‌ಟಿಯ ಹೋಟೆಲಿಗೆ ಈ ತೆರಿಗೆ ವಾಪಸು ಸಿಗುವುದಿಲ್ಲ, ನಿಮ್ಮ ತಲೆಗೇ. ಡಬ್ಬಿ, ಚೀಲಕ್ಕೆ 10. ಉಳಿದದ್ದು 60 ರೂಪಾಯಿ ಚಿಲ್ಲರೆ. ಅದೇ ಐಟಂ ಮೇಜಿನ ಮೇಲೆ ಮಾರಿದರೆ ಉಳಿಯುವುದು 112. ಮೇಜಿನ ವ್ಯಾಪಾರಕ್ಕೆ ಸಪ್ಲೈಯರ್ ಸಂಬಳ, ಜಾಗದ ಬಾಡಿಗೆ ಇದೆ, ಒಪ್ಪೋಣ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಮೇಜು ತುಂಬಿ ಜನ ಕಾಯುತ್ತಿರುವಾಗ, ಒಳಗೆ ಆ್ಯಪಿನ ಆರ್ಡರ್ ಮೊದಲು ಹೋಗುತ್ತಿದ್ದರೆ ನೀವು 112ನ್ನು ನಿಲ್ಲಿಸಿ 60ರ ಹಿಂದೆ ಓಡುತ್ತಿದ್ದೀರಿ ಎಂದಾಯಿತು. ರಶ್ ಹೊತ್ತಿನಲ್ಲಿ ಆ್ಯಪ್ ಬಂದ್ ಮಾಡಿ. ಮೂರರಿಂದ ಐದು, ಮಳೆಯ ರಾತ್ರಿ, ಇಂಥ ಖಾಲಿ ಹೊತ್ತಿಗೆ ಅದನ್ನು ಬಳಸಿ.

ಇನ್ನೊಂದು ಗೊಂದಲ ನಮ್ಮ ಕಡತಗಳಲ್ಲಿ ಆಗಾಗ ಕಾಣುತ್ತದೆ. 2022ರ ಜನವರಿ 1ರಿಂದ ಆ್ಯಪಿನಲ್ಲಿ ಬಂದ ಊಟದ ಆರ್ಡರಿನ ಜಿಎಸ್‌ಟಿಯನ್ನು ಸರ್ಕಾರಕ್ಕೆ ಕಟ್ಟುವುದು ಆ್ಯಪಿನವರೇ. ಆ ವ್ಯಾಪಾರವನ್ನು ಲೆಕ್ಕದಲ್ಲಿ ಬೇರೆಯಾಗಿ ತೋರಿಸಿ. ಒಟ್ಟಿಗೆ ಬೆರೆಸಿದರೆ ಎರಡೆರಡು ಸಲ ಕಟ್ಟುವ ಪಾಡು.

ಯಾವ ತಿಂಡಿ ಪ್ರಯಾಣ ತಡೆಯುತ್ತದೆ? ಇಡ್ಲಿ, ಬಿಸಿಬೇಳೆ ಭಾತ್, ಮೊಸರನ್ನ ತಡೆಯುತ್ತವೆ. ಪೂರಿ ಸೊರಗುತ್ತದೆ. ನೀರ್ ದೋಸೆ ಒಂದಕ್ಕೊಂದು ಅಂಟುತ್ತದೆ, ಬಾಳೆ ಎಲೆಯ ತುಂಡು ನಡುವೆ ಇಟ್ಟರೆ ಪರವಾಗಿಲ್ಲ. ಮಸಾಲೆ ದೋಸೆ ಕೊಡಲೇಬೇಕಾದರೆ ಪಲ್ಯ ಬೇರೆ ಕಟ್ಟಿ, ದೋಸೆಯನ್ನು ಎರಡು ತುಂಡು ಮಾಡಿ, ತೂತಿರುವ ರಟ್ಟಿನ ಡಬ್ಬಿಯಲ್ಲಿ ಹಾಕಿ. ಮುಚ್ಚಿದ ಡಬ್ಬಿಯಲ್ಲಿ ಹಬೆ ಅದರ ಮೇಲೇ ಬಿದ್ದು ಒದ್ದೆ ಬಟ್ಟೆಯಂತಾಗುತ್ತದೆ.

ಒಂದು ಕಿಲೋಮೀಟರ್ ಒಳಗಿನ ಮನೆಗಳಿಗೆ ಆ್ಯಪ್ ಬೇಕೇ ಇಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ಸಿನಲ್ಲಿ ಹತ್ತು ಐಟಂನ ಫೋಟೋ, ಬೆಲೆ ಹಾಕಿ. ಸೈಕಲ್ ಇರುವ ಒಬ್ಬ ಹುಡುಗ ಸಾಕು.

ಹೆಜ್ಜೆ 6: ಒಂದು ಸೇರಿಸಿದರೆ ಒಂದು ತೆಗೆಯಿರಿ

ಇಲ್ಲಿ ಧನಿಗಳು ಅಳುಮುಖ ಮಾಡುತ್ತಾರೆ. "ಇರಲಿ ಬಿಡಿ, ಯಾರಾದರೂ ಕೇಳಿದರೆ?" ಅಂತಾರೆ.

ಬಿಲ್ಲಿಂಗ್ ಮಿಷಿನ್ನಿನಿಂದ ಮೂರು ತಿಂಗಳ ಐಟಂವಾರು ಮಾರಾಟ ತೆಗೆಯಿರಿ. ಕೆಳಗಿನ ಹತ್ತು ನೋಡಿ. ಪನೀರ್ ಪಸಂದಾ ತಿಂಗಳಿಗೆ ನಾಲ್ಕು ಪ್ಲೇಟ್ ಹೋಗುತ್ತಿರಬಹುದು. ಆ ನಾಲ್ಕು ಪ್ಲೇಟಿಗಾಗಿ ಫ್ರಿಜ್ಜಿನಲ್ಲಿ ಬಿಳಿ ಗ್ರೇವಿಯ ಡಬ್ಬ ಕೂತಿರುತ್ತದೆ. ಗೋಡಂಬಿ ರೇಟು ನಿಮಗೇ ಗೊತ್ತು. ತೆಗೆಯುವಾಗ ಒಂದೊಂದೇ ಐಟಂ ಎಂದು ಯೋಚಿಸದೆ, ಅದಕ್ಕೆ ಮಾತ್ರ ಬೇಕಾಗುವ ದಿನಸಿ ಯಾವುದು ಎಂದು ನೋಡಿ. ಬೇರೆ ಯಾವುದಕ್ಕೂ ಬಳಸದ ಸಾಸು, ಪುಡಿ, ಗ್ರೇವಿ ಇರುವ ಐಟಂ ಮೊದಲು ಹೋಗಲಿ.

ಒಂದು ವಿನಾಯಿತಿ ಕೊಡುತ್ತೇನೆ. ದಿನವೂ ಬಂದು ಕಷಾಯ, ಎರಡು ಗೋಳಿಬಜೆ ತಗೊಳ್ಳುವ ನಿವೃತ್ತ ಮೇಷ್ಟ್ರು ಇದ್ದರೆ ಕಷಾಯ ತೆಗೆಯಬೇಡಿ. ಲೆಕ್ಕದಲ್ಲಿ ಅದು ನಷ್ಟವೇ ಇರಲಿ. ನಾಲ್ಕು ಜನರನ್ನು ಕರೆತರುವ ಗಿರಾಕಿ ಐಟಂವಾರು ಪಟ್ಟಿಯಲ್ಲಿ ಕಾಣುವುದಿಲ್ಲ.

ಏನನ್ನೂ ಸೇರಿಸದೆ ಉಳಿದವರೂ ಇದ್ದಾರೆ. ಮಾಟುಂಗಾ ಸ್ಟೇಷನ್ ಪಕ್ಕದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟವನ್ನೇ ನೆಚ್ಚಿಕೊಂಡಿದೆ. ಬಾಳೆ ಎಲೆಯ ಊಟವೂ ಉಂಟು, ಅವಸರದವರಿಗೆ ಪ್ಲೇಟ್ ಊಟವೂ ಉಂಟು. ನೂಡಲ್ಸ್ ಕೇಳಿಕೊಂಡು ಯಾರೂ ಅಲ್ಲಿಗೆ ಹೋಗುವುದಿಲ್ಲ. ನೀವು ಯಾವುದಕ್ಕೆ ಹೆಸರಾಗಿದ್ದೀರೋ ಅದನ್ನು ಮುಟ್ಟಬೇಡಿ. ಅದರ ಸುತ್ತಲಿನದನ್ನು ಬದಲಿಸಿ.

ಹೆಜ್ಜೆ 7: ಅಡುಗೆಮನೆಯ ಒಪ್ಪಿಗೆ

ಭಟ್ಟರಿಗೆ ಹೇಳದೆ ಕರಿಹಲಗೆಯಲ್ಲಿ ಬರೆದರೆ ಐಟಂ ಮೊದಲ ದಿನವೇ ಸತ್ತಿತು. ಅವರನ್ನೇ ಕೂರಿಸಿ ರುಚಿ ನೋಡಿಸಿ, ಹಿಟ್ಟಿನ ಅಳತೆ ಅವರೇ ಹೇಳಲಿ. ಹಿಂದೆ ತುಳುನಾಡಿನಿಂದ ಬಂದ ಹುಡುಗರು ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಓದುತ್ತಿದ್ದರು. ಅವರಿಗೆ ಸಾಂಬಾರಿನ ಹದ ಹೇಳಿಕೊಡಬೇಕಿರಲಿಲ್ಲ. ಈಗಿನ ಹುಡುಗರು ಜಾರ್ಖಂಡ್, ಒಡಿಶಾ, ನೇಪಾಳದವರು. ಕೆಲಸಕ್ಕೆ ಚುರುಕು, ಆದರೆ ಕೊದ್ದೆಲ್ ಅವರ ಬಾಯಿಗೆ ಹೊಸದು. "ಕೈಯಂದಾಜು" ಬಿಟ್ಟು ಗ್ರಾಂ ಲೆಕ್ಕದಲ್ಲಿ ಬರೆದು, ಫೋಟೋ ಅಂಟಿಸಿ ಗೋಡೆಗೆ ಹಾಕಿ.

ಹೆಜ್ಜೆ 8: ಕಾಗದಪತ್ರ

ಬೇಸರದ ವಿಷಯ, ಬೇಗ ಮುಗಿಸುತ್ತೇನೆ.

ಆಹಾರ ಮಾರುವ ಯಾರಿಗೇ ಆದರೂ, ಮನೆಯಿಂದ ಚಕ್ಕುಲಿ ಮಾರುವ ಅಕ್ಕನಿಗೂ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಬೇಕು. ಅದರ 14 ಅಂಕಿಯ ನಂಬರ್ 2022ರ ಜನವರಿಯಿಂದ ಬಿಲ್ಲಿನಲ್ಲೂ ಇರಬೇಕು. ದೋಸೆ ಹಿಟ್ಟನ್ನು ಪ್ಯಾಕ್ ಮಾಡಿ ಇಡುವುದಾದರೆ ತಯಾರಾದ ದಿನ, ಬಳಸಬೇಕಾದ ದಿನ, ತೂಕ, ಏನೇನು ಹಾಕಿದೆ, ಹಸಿರು ಚುಕ್ಕೆ ಎಲ್ಲ ಮೇಲಿರಲಿ. ಹಿಟ್ಟು ಪ್ಯಾಕೆಟಿನೊಳಗೂ ಹುದುಗುತ್ತಲೇ ಇರುತ್ತದೆ, ಮೇಲೆ ಜಾಗ ಬಿಟ್ಟು ತುಂಬಿ. ಏಪ್ರಿಲ್ ಸೆಕೆಯಲ್ಲಿ ಫ್ರಿಜ್ಜಿನಿಂದ ಹೊರಗೆ ಮರೆತರೆ ಕೌಂಟರೆಲ್ಲ ಹಿಟ್ಟು.

ಬೋರ್ಡ್ ಬದಲಿಸುವಾಗ ಮರಾಠಿ ದೇವನಾಗರಿಯಲ್ಲಿ ಇರಲೇಬೇಕು, ಬೇರೆ ಲಿಪಿಗಿಂತ ಸಣ್ಣ ಅಕ್ಷರ ಆಗಬಾರದು. 2022ರ ತಿದ್ದುಪಡಿ ಅದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವನ್ನೂ ಕೊಟ್ಟಿತ್ತು. ಅದರ ಕೆಳಗೆ ಕನ್ನಡ ಬರೆಸಲು ಅಡ್ಡಿಯಿಲ್ಲ. ಪಾರ್ಸೆಲ್ ಹೆಚ್ಚಿಸುವವರು ನೆನಪಿಡಿ, ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ನಿಷೇಧ ಇದೆ. ತೆಳು ಚೀಲದಲ್ಲಿ ಸಾಂಬಾರ್ ಕಟ್ಟಿಕೊಟ್ಟು ದಂಡ ಕಟ್ಟಬೇಡಿ.

ಆಫೀಸುಗಳಿಗೆ ತಿಂಡಿ ಒದಗಿಸುವ ಯೋಚನೆ ಇದ್ದರೆ ಮೊದಲು ಸಣ್ಣ ಉದ್ಯಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಕೊಳ್ಳಿ. 2020ರ ಜುಲೈನಿಂದ ಇದೆ, ಆನ್‌ಲೈನ್, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ನೋಂದಣಿ ಇದ್ದ ಸಣ್ಣ ಉದ್ಯಮಕ್ಕೆ, ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಕಂಪನಿ ದುಡ್ಡು ಕೊಡಬೇಕು. ತಡ ಮಾಡಿದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳುವುದಕ್ಕೆ ಅವರಿಗೆ ತೊಂದರೆ. ಇದು ಗೊತ್ತಿದ್ದರೆ ಮಾರ್ಚ್ ತಿಂಗಳಲ್ಲಿ ನಿಮ್ಮ ಫೋನಿಗೆ ಅವರ ಅಕೌಂಟ್ಸ್ ವಿಭಾಗ ಬೇಗ ಉತ್ತರಿಸುತ್ತದೆ.

ಹೆಜ್ಜೆ 9: ಬದಲಾವಣೆಗೆ ದುಡ್ಡು

ಮೊದಲ ಪ್ರಯೋಗಕ್ಕೆ ಸಾಲ ಬೇಡ. ಎರಡು ಕಿಲೋ ರಾಗಿ ಹಿಟ್ಟಿಗೆ ಸಾಲ ಯಾಕೆ ಅಲ್ವಾ? ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಠೇವಣಿ ಶುರು ಮಾಡಿತ್ತು. ಮನೆ ಬಾಗಿಲಿಗೆ ಬಂದು ದಿನದ ಪುಡಿಗಾಸು ಸಂಗ್ರಹಿಸುವ ಯೋಜನೆ ಅದು. ಆ ಅಭ್ಯಾಸ ಇರುವ ಮನೆಗಳು ನಮ್ಮವು. ದಿನದ ಗಲ್ಲಾದಿಂದ ನೂರೋ ಇನ್ನೂರೋ ಬೇರೆ ಖಾತೆಗೆ ಹೋಗಲಿ, ಅದೇ ಪ್ರಯೋಗದ ದುಡ್ಡು. ಹೊಸ ಕಾವಲಿ, ವೆಟ್ ಗ್ರೈಂಡರ್, ಡೀಪ್ ಫ್ರೀಜರ್ ಇಂಥದ್ದಕ್ಕೆ ಮಾತ್ರ ಸಾಲ ನೋಡಿ. ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ಮೂರು ಹಂತ: ಶಿಶು 50 ಸಾವಿರದ ತನಕ, ಕಿಶೋರ್ 5 ಲಕ್ಷದ ತನಕ, ತರುಣ್ 10 ಲಕ್ಷದ ತನಕ. ತರುಣ್ ಸಾಲ ತೀರಿಸಿದವರಿಗೆ 20 ಲಕ್ಷದ ತನಕವೂ ಉಂಟು. ಬ್ಯಾಂಕಿಗೆ ಹೋಗುವಾಗ ಆರು ವಾರದ ಪ್ರಯೋಗದ ಲೆಕ್ಕ ಕೈಯಲ್ಲಿ ಇಟ್ಟುಕೊಂಡು ಹೋಗಿ.

ಹೆಜ್ಜೆ 10: ಯಾವ ತಿಂಗಳು ಏನು

ಪ್ರಯೋಗ ಯಾವಾಗ ಮಾಡುತ್ತೀರಿ ಅನ್ನುವುದರ ಮೇಲೂ ಫಲಿತಾಂಶ ನಿಂತಿದೆ. ಜೂನ್‌ನಲ್ಲಿ ಶಾಲೆ ಶುರು, ಮಳೆ ಶುರು. ಪಾರ್ಸೆಲ್ ಮತ್ತು ಮಕ್ಕಳ ಡಬ್ಬಿಯ ತಿಂಡಿಗೆ ಒಳ್ಳೇ ಕಾಲ. ಶ್ರಾವಣದಲ್ಲಿ ಮೀನು-ಮಾಂಸ ಬಿಟ್ಟ ಮರಾಠಿ ಗಿರಾಕಿಗಳು ಸಸ್ಯಾಹಾರಿ ಹೋಟೆಲಿಗೆ ಬರುತ್ತಾರೆ, ಸಾಬುದಾಣಾ ಖಿಚಡಿ ಓಡುತ್ತದೆ. ಆ ಒಂದು ತಿಂಗಳ ರಶ್ ನೋಡಿ ಇಬ್ಬರು ಹುಡುಗರನ್ನು ಕಾಯಂ ಸೇರಿಸಿಕೊಳ್ಳಬೇಡಿ. ಗಣಪತಿಗೆ ಕೊಂಕಣದವರು ಊರಿಗೆ ಹೋಗುತ್ತಾರೆ. ನವರಾತ್ರಿಗೆ ಮತ್ತೆ ಉಪವಾಸದ ಐಟಂ. ಹೊಸತನ್ನು ಶುರು ಮಾಡಲು ನನ್ನ ಲೆಕ್ಕದಲ್ಲಿ ಒಳ್ಳೇ ಹೊತ್ತು ನವೆಂಬರ್ ಮಧ್ಯದಿಂದ ಫೆಬ್ರವರಿ. ಗಿರಾಕಿಗಳೂ ಊರಲ್ಲಿರುತ್ತಾರೆ, ಹವೆಯೂ ಹಿತ. ಆದರೆ ಡಿಸೆಂಬರ್ ಚಳಿಗೆ ಹಿಟ್ಟು ನಿಧಾನ ಹುದುಗುತ್ತದೆ, ರುಬ್ಬುವ ಕೆಲಸ ಸ್ವಲ್ಪ ಬೇಗ ಶುರು ಮಾಡಿ.

ಪ್ರಯೋಗ ಫಲಿಸದಿದ್ದರೆ ಸದ್ದಿಲ್ಲದೆ ಅಳಿಸಬೇಡಿ. ಅದನ್ನು ತಿನ್ನುತ್ತಿದ್ದ ನಾಲ್ಕೈದು ಜನರಿಗೆ ಮುಂಚೆಯೇ ಹೇಳಿ: "ಬರುವ ವಾರದಿಂದ ಇರುವುದಿಲ್ಲ, ಬೇಕಿದ್ದರೆ ಹಿಂದಿನ ದಿನ ಫೋನ್ ಮಾಡಿ." ಕೆಲವರು ಮಾಡುತ್ತಾರೆ.

ಮೇ ತಿಂಗಳಲ್ಲಿ ಹೊಸದೇನೂ ಬೇಡ. ನಮ್ಮವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗಿರುತ್ತಾರೆ, ಭಟ್ಟರೂ ರಜೆ ಕೇಳುತ್ತಾರೆ. ಕೊಟ್ಟುಬಿಡಿ. ಬಣ್ಣ ಹೊಡೆಸಿ, ಗ್ರೈಂಡರಿನ ಕಲ್ಲು ಸರಿ ಮಾಡಿಸಿ, ಮುಗಿಯಲಿರುವ ಲೈಸೆನ್ಸ್ ಯಾವುದೆಂದು ನೋಡಿ, 'ಇಲ್ಲ' ಪುಸ್ತಕಕ್ಕೆ ಹೊಸ ಪುಟದಲ್ಲಿ ಕಾಲಂ ಎಳೆದಿಡಿ.